ಕೆಟ್ಟಿರುವುದು ಕಂಪ್ಯೂಟರೇ? ಹಳೆಯ ಕಾರಿನ ಇಸಿಎಂ ಬದಲಿಸುವ ಮುನ್ನ

ನಾಗಲಮಡಿಕೆ: ಕೀ ತಿರುಗಿಸಿದರೆ ಸೆಲ್ಫ್ ಸುತ್ತುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಹೊಸದು, ಪ್ಲಗ್‌ಗಳನ್ನು ಬದಲಿಸಿಯೂ ಆಗಿದೆ. ಎರಡು ದಿನಗಳ ಪರದಾಟದ ತರುವಾಯ ಗ್ಯಾರೇಜಿನಿಂದ ಬರುವ ತೀರ್ಪು ಒಂದೇ: ಇಸಿಎಂ ಹೋಗಿದೆ, ಬೆಂಗಳೂರಿನಿಂದ ತರಿಸಬೇಕು.

ಹತ್ತು-ಹದಿನೈದು ವರ್ಷ ಬೆಂಗಳೂರಿನಲ್ಲಿ ಓಡಿದ ಕಾರುಗಳು ಅಗ್ಗದ ದರಕ್ಕೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳ ಹಳ್ಳಿಗಳಿಗೆ ಬರುವುದು ಹೊಸ ಸಂಗತಿಯಲ್ಲ. ಮೂರು ಕಡೆಯಿಂದ ಆಂಧ್ರಪ್ರದೇಶ ಸುತ್ತುವರಿದಿರುವ ಪಾವಗಡ ತಾಲ್ಲೂಕಿನಲ್ಲಿ ರಾತ್ರಿ ವೇಳೆ ಹಿಂದೂಪುರಕ್ಕೋ ತುಮಕೂರಿಗೋ ರೋಗಿಯನ್ನು ಕರೆದೊಯ್ಯಬೇಕಾದರೆ ಮನೆಯ ಮುಂದಿನ ಹಳೆಯ ಕಾರೇ ಆಸರೆ. ಅಂತಹ ಕಾರಿನ ಒಟ್ಟು ಬೆಲೆಗೂ ಅದರ ಕಂಪ್ಯೂಟರಿನ ಬೆಲೆಗೂ ಇರುವ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಆದುದರಿಂದಲೇ ಮೇಲಿನ ತೀರ್ಪನ್ನು ಒಪ್ಪುವ ಮುನ್ನ ಅದು ನಿಜವೇ ಎಂದು ಪರೀಕ್ಷಿಸುವುದು ಅಗತ್ಯ. ಇಸಿಎಂ ಎಂಬುದು ಕಾರಿನಲ್ಲಿ ಬೇಗನೆ ಕೆಡುವ ಭಾಗವಲ್ಲ. ಕೆಟ್ಟಿತೆಂಬ ಆರೋಪಕ್ಕೆ ಮಾತ್ರ ಅದು ಬೇಗನೆ ಗುರಿಯಾಗುತ್ತದೆ.

ಪೆಟ್ಟಿಗೆ ಬಂದ ಬಗೆ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿದಾಗ ಅದರ ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಕೊಡುತ್ತಿದ್ದುದು ಕಾರ್ಬ್ಯುರೇಟರ್. ಒಂದು ಸ್ಕ್ರೂಡ್ರೈವರ್ ಇದ್ದರೆ ರಸ್ತೆಬದಿಯಲ್ಲೇ ಅದನ್ನು ಸರಿಪಡಿಸಬಹುದಿತ್ತು. ಹೊಗೆಯ ನಿಯಮಗಳು ಈ ಸೌಕರ್ಯಕ್ಕೆ ಅಂತ್ಯ ಹಾಡಿದವು. ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಅನ್ವಯಿಸುವಂತೆ 1999ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ, ತರುವಾಯ 2000ದ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮಾನದಂಡ, 2005ರ ಭಾರತ್ ಸ್ಟೇಜ್-2, ಇವುಗಳ ಒತ್ತಡದಲ್ಲಿ ಕಾರ್ಬ್ಯುರೇಟರ್ ಮರೆಯಾಗಿ ಎಂಪಿಎಫ್‌ಐ ಎಂಬ ಇಂಧನ ಚಿಮ್ಮುವ ವ್ಯವಸ್ಥೆ ಬಂದಿತು. ಅದನ್ನು ಆಳುವ ಅಲ್ಯೂಮಿನಿಯಂ ಪೆಟ್ಟಿಗೆಯೇ ಇಸಿಎಂ ಅಥವಾ ಇಸಿಯು.

ಅದರ ಕೆಲಸದ ವೇಗ ಬೆರಗು ಹುಟ್ಟಿಸುವಂಥದು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಹಿಡಿಯುವುದು ಸೆಕೆಂಡಿನ 50ನೇ ಒಂದು ಭಾಗ. ಆ ಅವಧಿಯಲ್ಲಿ ಕ್ರ್ಯಾಂಕಿನ ಸ್ಥಾನ, ಒಳಬರುವ ಗಾಳಿಯ ಒತ್ತಡ, ನೀರಿನ ಶಾಖ, ಆಕ್ಸಿಲರೇಟರಿನ ಸ್ಥಿತಿ ಮೊದಲಾದವನ್ನು ಸೆನ್ಸರ್‌ಗಳಿಂದ ತಿಳಿದು, ಯಾವ ಸಿಲಿಂಡರಿಗೆ ಎಷ್ಟು ಮಿಲಿಸೆಕೆಂಡ್ ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಈ ಮಾಹಿತಿಯಲ್ಲಿ ಒಂದು ತಪ್ಪಿದರೂ ತೀರ್ಮಾನ ತಪ್ಪುತ್ತದೆ. ಪೆಟ್ಟಿಗೆಯ ಮೇಲೆ ಸುಳ್ಳು ಆರೋಪ ಬರುವುದು ಇಲ್ಲಿಂದಲೇ.

ಮೊದಲು ನೋಡಬೇಕಾದುದು

ಕೀಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಸೆಲ್ಫ್ ಹೊಡೆಯದೆ, ಮೀಟರಿನಲ್ಲಿರುವ ಎಂಜಿನ್ ಚಿತ್ರದ ಚೆಕ್ ದೀಪವನ್ನು ಗಮನಿಸಬೇಕು. ದೀಪ ಹೊತ್ತಿಕೊಂಡು, ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿದರೆ ಪೆಟ್ಟಿಗೆಗೆ ಜೀವವಿದೆ ಎಂದು ಬಹುಮಟ್ಟಿಗೆ ಭಾವಿಸಬಹುದು. ಎರಡೂ ಇಲ್ಲವೆಂದ ಮಾತ್ರಕ್ಕೆ ಪೆಟ್ಟಿಗೆ ಸತ್ತಿದೆ ಎಂದಲ್ಲ. ಅದಕ್ಕೆ ಕರೆಂಟ್ ತಲುಪದೆಯೂ ಇರಬಹುದು. ಫ್ಯೂಸು, ಮುಖ್ಯ ರಿಲೇ, ದೇಹಕ್ಕೆ ಬಿಗಿದಿರುವ ಅರ್ತ್ ವೈರು, ಈ ಮೂರನ್ನು ನೋಡಿಯೇ ಮುಂದುವರಿಯಬೇಕು. ರಿಲೇ ಬದಲಿಸುವ ಖರ್ಚು ಇಸಿಎಂ ಖರ್ಚಿನ ಮುಂದೆ ನಗಣ್ಯ.

ಅರ್ತ್ ವಿಷಯದಲ್ಲಿ ಕಣ್ಣಿನ ಸಾಕ್ಷ್ಯ ಸಾಲದು. ಹೊರಗೆ ಬಿಗಿಯಾಗಿ ಕಾಣುವ ಬೋಲ್ಟಿನ ಅಡಿ ತುಕ್ಕು ಹಿಡಿದಿರುತ್ತದೆ. ಸೆಲ್ಫ್ ಸುತ್ತುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಇಸಿಎಂನ ಅರ್ತ್ ವೈರಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ವ್ಯತ್ಯಾಸ ಸುಮಾರು 0.1 ವೋಲ್ಟ್ ದಾಟಬಾರದು. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆದಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ದೋಷ ಬ್ಯಾಟರಿಯದೋ ಸ್ಟಾರ್ಟರಿನದೋ ಆಗಿರುತ್ತದೆ.

ಅನುಭವಿಗಳನ್ನೂ ದಾರಿ ತಪ್ಪಿಸುವ ಇನ್ನೊಂದು ದೋಷವಿದೆ. ಮೂರು ವೈರಿನ ಹಲವು ಸೆನ್ಸರ್‌ಗಳಿಗೆ ಇಸಿಎಂ ತನ್ನೊಳಗಿನಿಂದ 5 ವೋಲ್ಟ್ ಪೂರೈಸುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ 5 ವೋಲ್ಟ್ ಎಲ್ಲ ಕಡೆಯೂ ಇಲ್ಲವಾಗಿ, ಪೆಟ್ಟಿಗೆ ನಿಷ್ಕ್ರಿಯವಾದಂತೆ ಕಾಣುತ್ತದೆ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಕೂಡ ಉತ್ತರ ಪಡೆಯುವುದಿಲ್ಲ. ಸೆನ್ಸರ್‌ಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುವುದೋ ಅದೇ ಅಪರಾಧಿ.

ಶೇಂಗಾ ಬೆಳೆಯುವ ಈ ಭಾಗದಲ್ಲಿ ಇಲಿಯನ್ನು ಮರೆಯುವಂತಿಲ್ಲ. ಕಾಯಿ ತುಂಬಿದ ಚೀಲಗಳ ಪಕ್ಕದಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಬೆಚ್ಚಗಿನ ಎಂಜಿನ್ ಅದಕ್ಕೆ ಗೂಡಾಗುತ್ತದೆ. ಕಡಿದ ವೈರನ್ನು ಪತ್ತೆ ಹಚ್ಚಲು ಅರ್ಧ ದಿನ ವ್ಯಯವಾದರೂ ಅದು ವ್ಯರ್ಥವಲ್ಲ. ದೋಷ ವೈರಿಂಗಿನಲ್ಲೇ ಉಳಿದರೆ ಹಾಕಿದ ಹೊಸ ಪೆಟ್ಟಿಗೆಯೂ ಸುಟ್ಟುಹೋಗಬಹುದು. ಶಾರ್ಟ್ ಆದ ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್ ಇದ್ದಾಗ ಹೀಗಾಗುವುದು ಹೆಚ್ಚು.

ನಿಜವಾಗಿ ಕೆಡುವುದು ಹೇಗೆ

ಪೆಟ್ಟಿಗೆ ನಿಜಕ್ಕೂ ಸಾಯುವ ಸಂದರ್ಭಗಳಲ್ಲಿ ಮನುಷ್ಯನ ಕೈವಾಡವೇ ಅಧಿಕ. ಬ್ಯಾಟರಿ ಇಳಿದಾಗ ದಾರಿಯಲ್ಲಿ ಸಿಕ್ಕ ಲಾರಿಯಿಂದ ವೈರು ಎಳೆಯುವುದುಂಟು. ಲಾರಿಯದು 24 ವೋಲ್ಟ್, ಕಾರಿನದು 12. ಟ್ರ್ಯಾಕ್ಟರಿನದು ಸಾಮಾನ್ಯವಾಗಿ 12 ವೋಲ್ಟ್ ಆಗಿರುವುದರಿಂದ ಅಷ್ಟು ಅಪಾಯವಿಲ್ಲ. ಪ್ಲಸ್-ಮೈನಸ್ ಅದಲುಬದಲಾಗಬಾರದು ಅಷ್ಟೆ. ತುಕ್ಕು ಹಿಡಿದ ಓಮ್ನಿಯ ನೆಲಕ್ಕೆ ತಗಡು ಬೆಸೆಯುವಾಗ, ಮೇಲೆ ಕ್ಯಾರಿಯರ್ ಕೂರಿಸುವಾಗ ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡುವುದು ಇನ್ನೊಂದು. ಮುಂಗಾಜಿನ ರಬ್ಬರ್ ಬಿರಿದು ಒಳಗಿಳಿಯುವ ಮಳೆನೀರು, ಎಸಿಯ ನೀರು ಹೊರಹೋಗುವ ಕೊಳವೆ ಧೂಳಿನಿಂದ ಮುಚ್ಚಿಕೊಳ್ಳುವುದು, ಇವು ಡ್ಯಾಶ್‌ಬೋರ್ಡಿನ ಅಡಿ ಪೆಟ್ಟಿಗೆ ಇರುವ ಕಾರುಗಳಿಗೆ ಕಂಟಕ.

ವಯಸ್ಸೂ ಒಂದು ಕಾರಣ. ಪಕ್ಕದ ತಿರುಮಣಿಗೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ತಂದುಕೊಟ್ಟ ಬಿಸಿಲೇ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡನ್ನು 60 ಡಿಗ್ರಿಗಿಂತ ಮೇಲೆ ಕಾಯಿಸುತ್ತದೆ. ಇಪ್ಪತ್ತು ವರ್ಷ ಇಂತಹ ಶಾಖ ಉಂಡ ಕೆಪಾಸಿಟರ್‌ಗಳಿಂದ ದ್ರವ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಮುಚ್ಚಳ ತೆಗೆದಾಗ ಮೀನಿನಂತಹ ವಾಸನೆ ಬಂದರೆ ಅದು ಇದರ ಗುರುತು. ತಣ್ಣಗಿರುವಾಗ ಸರಿಯಾಗಿ ಓಡಿ, ಬಿಸಿಯಾದೊಡನೆ ನಿಂತು, ಅರ್ಧ ಗಂಟೆಯ ಬಳಿಕ ಮತ್ತೆ ಹೊರಡುವ ಕಾರಿನಲ್ಲಿ ಬೋರ್ಡಿನ ಬೆಸುಗೆ ಸಡಿಲವಾಗಿರಬಹುದು. ಆದರೆ ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗಲೂ ಲಕ್ಷಣ ಇದೇ ಎಂಬುದು ನೆನಪಿರಲಿ. ಕೆಪಾಸಿಟರ್ ಅಥವಾ ಬೆಸುಗೆಯ ದೋಷವಾದರೆ ಪೆಟ್ಟಿಗೆಯನ್ನೇ ರಿಪೇರಿ ಮಾಡಬಹುದು. ಬದಲಿಸುವುದಕ್ಕಿಂತ ಇದು ಲೇಸು, ಏಕೆಂದರೆ ಕಾರಿನ ಗುರುತೆಲ್ಲ ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಸಂಖ್ಯೆ ಹೊಂದಬೇಕು, ಕೀ ಒಪ್ಪಬೇಕು

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಷೆವರ್ಲೆ ಕಾರುಗಳ ಮಾರಾಟ 2017ರ ಅಂತ್ಯಕ್ಕೆ ಭಾರತದಲ್ಲಿ ಕೊನೆಗೊಂಡಿತು. ಇಂತಹ ಕಾರುಗಳಿಗೆ ಹೊಸ ಇಸಿಎಂ ದೊರೆಯುವುದು ಕಷ್ಟವಾಗುತ್ತ ಹೋಗುವುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿಗಳೇ ಗತಿ. ಗಡಿಯಾಚೆಯ ಪೆನುಕೊಂಡದ ಬಳಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆಯಾದರೂ ಹಳೆಯ ಕಾರಿನ ಪೆಟ್ಟಿಗೆಗೆ ಸುಮಾರು 150 ಕಿಲೋಮೀಟರ್ ದೂರದ ರಾಜಧಾನಿಗೇ ಹೋಗಬೇಕು.

ಅಲ್ಲಿಗೆ ಹೋಗುವಾಗ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಸಂಖ್ಯೆ ಅಕ್ಷರಶಃ ಹೊಂದಬೇಕು. ಹೊರಗಿನ ರೂಪ, ಕನೆಕ್ಟರ್ ಒಂದೇ ಆಗಿದ್ದರೂ ಎಸಿ ಇರುವ ಹಾಗೂ ಇಲ್ಲದ ಕಾರುಗಳಿಗೆ, ಪೆಟ್ರೋಲ್ ಹಾಗೂ ಎಲ್‌ಪಿಜಿ ಮಾದರಿಗಳಿಗೆ ಒಳಗಿನ ಲೆಕ್ಕಾಚಾರ ಬೇರೆ ಇರಬಹುದು. ಈ ಭಾಗದವರು ಗಮನಿಸಬೇಕಾದ ಇನ್ನೂ ಒಂದು ಅಂಶವಿದೆ. 2005ರಿಂದ 2010ರವರೆಗೆ ಬೆಂಗಳೂರಿನಲ್ಲಿ ಭಾರತ್ ಸ್ಟೇಜ್-3, ತುಮಕೂರು ಜಿಲ್ಲೆಯೂ ಸೇರಿದಂತೆ ಉಳಿದೆಡೆ ಸ್ಟೇಜ್-2 ಜಾರಿಯಲ್ಲಿದ್ದವು. ಒಂದೇ ವರ್ಷದ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಪೆಟ್ಟಿಗೆ ಭಿನ್ನವಾಗಿರುವ ಸಾಧ್ಯತೆ ಇದರಿಂದ ಉಂಟಾಗಿದೆ.

ಸಂಖ್ಯೆ ಹೊಂದಿದರೂ ಇಮ್ಮೊಬಿಲೈಸರ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಇರುವ ಕಾರುಗಳಲ್ಲಿ ಸಮಸ್ಯೆ ಮುಗಿಯದು. ಕೀಯ ಪ್ಲಾಸ್ಟಿಕ್ ತಲೆಯೊಳಗಿನ ಚಿಪ್ ಹೇಳುವ ಗುಟ್ಟು ಇಸಿಎಂ ಬಲ್ಲ ಗುಟ್ಟಿಗೆ ತಾಳೆಯಾಗದಿದ್ದರೆ ಎಂಜಿನ್ ಹೊರಡುವುದಿಲ್ಲ. ಹೊರಟರೂ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಇದನ್ನರಿಯದೆ ಒಳ್ಳೆಯ ಪೆಟ್ಟಿಗೆಯನ್ನು ಕೆಟ್ಟಿದೆಯೆಂದು ಮರಳಿಸುವವರಿದ್ದಾರೆ. ಒಂದೇ ಕಾರಿನ ಇಸಿಎಂ, ಇಮ್ಮೊಬಿಲೈಸರ್ ಘಟಕ ಮತ್ತು ಕೀಯನ್ನು ಒಟ್ಟಾಗಿ ಸೆಟ್ ಆಗಿ ಕೊಳ್ಳುವುದು ಒಂದು ಉಪಾಯ. ಹಳೆಯ ಪೆಟ್ಟಿಗೆಯ ಮೆಮೊರಿ ಚಿಪ್ಪಿನ ಮಾಹಿತಿಯನ್ನು ಓದಿ ಹೊಸದರಲ್ಲಿ ಬರೆಯಿಸುವುದು ಇನ್ನೊಂದು. ಬೋರ್ಡಿನ ಉಳಿದ ಭಾಗ ಸುಟ್ಟಿದ್ದರೂ ಈ ಚಿಪ್ ಹಲವು ವೇಳೆ ಬದುಕಿರುತ್ತದೆ. ಆದಕಾರಣ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಬರುವುದು ಅವಿವೇಕ.

ಹಾಕುವಾಗ, ಹಾಕಿದ ಮೇಲೆ

ಹಾಕುವ ಕೆಲಸ ಸರಳ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಕಾಯಬೇಕು. ಕಾರಿನ ಬರಿಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಕನೆಕ್ಟರನ್ನು ಅದರ ಬೀಗ ಸಡಿಲಿಸಿ ತೆಗೆಯಬೇಕು. ವೈರು ಹಿಡಿದು ಎಳೆಯಬಾರದು. ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಆಗಲೇ ಶುಚಿಗೊಳಿಸಬೇಕು. ಸ್ಟಾರ್ಟ್ ಆದ ಮೇಲೆ ಮೊದಮೊದಲು ಐಡ್ಲಿಂಗ್ ಏರಿಳಿಯುವುದು ಸಹಜ. ಹೊಸ ಪೆಟ್ಟಿಗೆ ಈ ಎಂಜಿನ್ನಿನ ಸ್ವಭಾವ ಕಲಿಯಲು ಸ್ವಲ್ಪ ದೂರ ಓಡಿಸಬೇಕಾಗುತ್ತದೆ. ಕೆಲವು ಮಾದರಿಗಳಿಗೆ ಸ್ಕ್ಯಾನರಿನಿಂದ ಹೊಂದಿಕೆ ಮಾಡಿಸಬೇಕು.

ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಬದಲಾಗದ ಕಾರಣ ಆರ್‌ಸಿಯಲ್ಲಿ ತಿದ್ದುಪಡಿ ಬೇಕಿಲ್ಲ. ಆದರೆ ಗುಜರಿಯಿಂದ ಕೊಂಡಾಗ ಬಿಲ್ ಪಡೆಯುವುದನ್ನು ಬಿಡಬಾರದು, ಕಳವಾದ ಕಾರುಗಳ ಭಾಗಗಳೂ ಮಾರುಕಟ್ಟೆಗೆ ಬರುವುದುಂಟು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆ ದಿನಾಂಕ ಹತ್ತಿರವಿದ್ದರೆ ಪೆಟ್ಟಿಗೆಯ ಖರ್ಚಿನೊಂದಿಗೆ ಇದನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಹಾಕಿದ ಪೆಟ್ಟಿಗೆ ಸರಿಯಾದುದೇ ಎಂದು ತಿಳಿಯಲು ಅಗ್ಗದ ಪರೀಕ್ಷೆಯೆಂದರೆ ಎಮಿಷನ್ ಟೆಸ್ಟ್. ಭಾರತ್ ಸ್ಟೇಜ್-2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.5, ಅದಕ್ಕೂ ಹಿಂದಿನವಕ್ಕೆ ಶೇ 3. ಎಂಜಿನ್ ಬಿಸಿಯಾದ ಮೇಲೂ ಅಂಕಿ ಈ ಮಿತಿಯನ್ನು ಮೀರಿದರೆ, ಆಕ್ಸಿಜನ್ ಸೆನ್ಸರ್ ಮತ್ತು ಇಂಜೆಕ್ಟರ್‌ಗಳನ್ನು ನೋಡಿದ ಬಳಿಕ ಪೆಟ್ಟಿಗೆಯ ಸಂಖ್ಯೆಯನ್ನು ಮತ್ತೊಮ್ಮೆ ತಾಳೆ ನೋಡಬೇಕು. ಅಂಗಡಿಯವರು ಒಪ್ಪಿದ್ದರೆ ಹಿಂದಿರುಗಿಸಲು ಕೊಟ್ಟ ಗಡುವಿನೊಳಗೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಒಳ್ಳೆಯದು.