ಟ್ರಿಮ್ ಒತ್ತಿದರೆ ಭಾರದ ರೆಕ್ಕೆ ಹಗುರವಾಗುತ್ತದೆಯೇ?

ಮೂರು ತಿಂಗಳು ಕೂತು ಬಾಲ್ಸಾ ಮರದಲ್ಲಿ ಕಟ್ಟಿದ ರಿಮೋಟ್ ವಿಮಾನ. ಮೇಲೇರಿದ ಕೂಡಲೇ ಕೊಂಚ ಬಲಕ್ಕೆ ವಾಲಿತು. ನಮ್ಮ ಗೆಳೆಯ ರಿಮೋಟಿನ ಟ್ರಿಮ್ ಗುಂಡಿಯನ್ನು ಎಡಕ್ಕೆ ನಾಲ್ಕು ಸಲ ಒತ್ತಿದ, ವಿಮಾನ ನೆಟ್ಟಗಾಯಿತು. ಮೈದಾನದ ಮೇಲೆ ಚೆನ್ನಾಗಿಯೇ ಸುತ್ತಿತು. ಇಳಿಸಲು ವೇಗ ತಗ್ಗಿಸಿದ್ದೇ ತಡ, ನೆಲ ಇನ್ನೂ ಎರಡಾಳು ಕೆಳಗಿರುವಾಗ ಬಲರೆಕ್ಕೆ ಥಟ್ಟನೆ ಕುಸಿಯಿತು. ರೆಕ್ಕೆ ಎರಡು ತುಂಡು, ಮೋಟಾರಿನ ಶಾಫ್ಟ್ ಸೊಟ್ಟ.

"ಗಾಳಿ ಹೊಡೀತು ಕಣ್ರೋ" ಅಂದ ಗೆಳೆಯ. ಆದರೆ ಆ ಬೆಳಿಗ್ಗೆ ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಮನೆಗೆ ಬಂದು ತುಂಡುಗಳನ್ನು ತೂಗಿದೆವು. ಬಲರೆಕ್ಕೆ ಎಡರೆಕ್ಕೆಗಿಂತ 20 ಗ್ರಾಂ ಹೆಚ್ಚು ತೂಗಿತು. ಕಟ್ಟುವಾಗ ಅದು ಒಮ್ಮೆ ಬಿರುಕು ಬಿಟ್ಟಿತ್ತು. ಅಲ್ಲಿ ಎಪಾಕ್ಸಿ ಅಂಟು ಸುರಿದು ಪ್ಲೈವುಡ್ ಪಟ್ಟಿ ಕೂರಿಸಲಾಗಿತ್ತು.

ಬರೀ 20 ಗ್ರಾಂ ಇಷ್ಟೆಲ್ಲ ಮಾಡಬಲ್ಲದೇ? ಟ್ರಿಮ್ ಕೊಟ್ಟ ಮೇಲೂ ಏಕೆ ಹೀಗಾಯಿತು? ನೋಡೋಣ.

ಮೂತಿ-ಬಾಲ ನೋಡುತ್ತೇವೆ, ಎಡ-ಬಲ ಮರೆಯುತ್ತೇವೆ

ವಿಮಾನ ಹಾರಿಸುವ ಮುನ್ನ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು, ಮೂತಿ ಭಾರವೋ ಬಾಲ ಭಾರವೋ ಎಂದು ನೋಡುವುದನ್ನು ಹೆಚ್ಚಿನವರು ಮಾಡುತ್ತಾರೆ. ಅದು ಮೊದಲು ಆಗಲೇಬೇಕಾದ ಕೆಲಸ. ಎಡ-ಬಲದ ವಿಷಯ ಬಂದಾಗ ಮಾತ್ರ "ಎರಡೂ ರೆಕ್ಕೆ ಒಂದೇ ಅಳತೆ, ತೂಕವೂ ಒಂದೇ ಇರುತ್ತೆ" ಎಂದುಕೊಳ್ಳುತ್ತೇವೆ.

ಹಾಗೆ ಇರಬೇಕೆಂದೇನೂ ಇಲ್ಲ. ಒಂದೇ ದಪ್ಪದ ಎರಡು ಬಾಲ್ಸಾ ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಅಂಟು, ಬಣ್ಣ, ರಿಪೇರಿ, ಒಂದು ಬದಿಗೆ ಕೂರಿಸಿದ ಬ್ಯಾಟರಿ, ಎಂಜಿನ್ನಿನ ಪಕ್ಕಕ್ಕೆ ಚಾಚಿದ ಸೈಲೆನ್ಸರ್, ಹೀಗೆ ಎಲ್ಲವೂ ಸೇರುತ್ತಾ ಹೋಗುತ್ತವೆ.

ಟ್ರಿಮ್ ಮಾಡುವುದೇನು?

ರೆಕ್ಕೆಗಳ ಹಿಂಬದಿಯಲ್ಲಿ ಮೇಲೆ-ಕೆಳಗೆ ಆಡುವ ಪಟ್ಟಿಗಳಿಗೆ ಏಲೆರಾನ್ ಎನ್ನುತ್ತಾರೆ. ಎಡಕ್ಕೆ ಟ್ರಿಮ್ ಕೊಟ್ಟರೆ ಬಲರೆಕ್ಕೆಯ ಪಟ್ಟಿ ತುಸು ಕೆಳಗೆ, ಎಡರೆಕ್ಕೆಯದು ತುಸು ಮೇಲೆ ನಿಲ್ಲುತ್ತದೆ. ಆಗ ಬಲರೆಕ್ಕೆಯನ್ನು ಗಾಳಿ ಹೆಚ್ಚು ಎತ್ತುತ್ತದೆ. ಭಾರ ಎಲ್ಲಿತ್ತೋ ಅಲ್ಲೇ ಇದೆ, ಗಾಳಿ ಅದನ್ನು ಹೊತ್ತಿದೆ ಅಷ್ಟೆ.

ಏಲೆರಾನಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ 20 ಗ್ರಾಂ ತೂಕ ಯಾವ ವೇಗದಲ್ಲೂ 20 ಗ್ರಾಮೇ.

ನಮ್ಮ ಗೆಳೆಯನ ವಿಮಾನದ ಲೆಕ್ಕ ಹಾಕೋಣ. ಹೆಚ್ಚುವರಿ 20 ಗ್ರಾಂ ಇದ್ದದ್ದು ನಡುಗೆರೆಯಿಂದ 20 ಸೆಂ.ಮೀ. ದೂರದಲ್ಲಿ. 20ನ್ನು 20ರಿಂದ ಗುಣಿಸಿದರೆ 400 ಗ್ರಾಂ-ಸೆಂ.ಮೀ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಟ್ರಿಮ್ ಈ 400ನ್ನು ಪೂರ್ತಿ ಸರಿದೂಗಿಸಿತು ಎಂದುಕೊಳ್ಳಿ. ಇಳಿಯುವಾಗ ವೇಗ 36 ಕಿ.ಮೀ.ಗೆ ಬಂದರೆ ಅದೇ ಟ್ರಿಮ್ 100ನ್ನು ಮಾತ್ರ ಹೊರಬಲ್ಲದು. ಉಳಿದ 300 ಬಲರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತದೆ.

ರೆಕ್ಕೆ ವಾಲಿದ್ದನ್ನು ಕಂಡು ಕಡ್ಡಿಯನ್ನು ಎಡಕ್ಕೆ ತಳ್ಳುತ್ತೇವೆ. ಬಲರೆಕ್ಕೆಯ ಏಲೆರಾನ್ ಇನ್ನಷ್ಟು ಕೆಳಗಿಳಿಯುತ್ತದೆ. ನಿಧಾನಗತಿಯಲ್ಲಿ ಮೊದಲೇ ಗಾಳಿಗೆ ಕಡಿದಾಗಿ ನಿಂತಿರುವ ರೆಕ್ಕೆಗೆ ಇದು ಅತಿಯಾಗುತ್ತದೆ. ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟುಬಿಡುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಉಳಿಸಲು ಮಾಡಿದ ಕೆಲಸವೇ ಬೀಳಿಸುತ್ತದೆ. ಎತ್ತರದಲ್ಲಿ ಹೀಗಾದರೆ ಸಾವರಿಸಿಕೊಳ್ಳಬಹುದು, ಎರಡಾಳು ಎತ್ತರದಲ್ಲಿ ಸಮಯ ಎಲ್ಲಿದೆ? ಪಕ್ಕದಲ್ಲಿ ನೋಡುತ್ತಾ ನಿಂತ ಮಕ್ಕಳಿದ್ದರೆ ನಷ್ಟ ಬರೀ ಮರದ್ದಲ್ಲ.

ಭಾರವೋ, ಸೊಟ್ಟವೋ?

ವಾಲುವುದಕ್ಕೆಲ್ಲ ತೂಕವೇ ಕಾರಣವಲ್ಲ. ರೆಕ್ಕೆ ತಿರುಚಿಕೊಂಡಿದ್ದರೂ ವಿಮಾನ ವಾಲುತ್ತದೆ. ಸಾಕಷ್ಟು ಎತ್ತರದಲ್ಲಿ ಮೋಟಾರ್ ನಿಲ್ಲಿಸಿ, ಒಮ್ಮೆ ವೇಗವಾಗಿ ಒಮ್ಮೆ ನಿಧಾನವಾಗಿ ತೇಲಿಸಿ ನೋಡಿ. ಒಂದೇ ಟ್ರಿಮ್ ಎರಡು ವೇಗಕ್ಕೂ ಸರಿಹೋದರೆ ರೆಕ್ಕೆ ಸೊಟ್ಟ ಇರುವ ಸಾಧ್ಯತೆ ಹೆಚ್ಚು. ತಿರುಚಿದ ರೆಕ್ಕೆಯ ಪರಿಣಾಮವೂ ಟ್ರಿಮ್ಮಿನಂತೆಯೇ ವೇಗದ ಜೊತೆ ಏರಿಳಿಯುತ್ತದೆ. ನಿಧಾನವಾದಾಗ ಒಂದೇ ರೆಕ್ಕೆ ಮತ್ತೆ ಮತ್ತೆ ಕುಸಿದರೆ ತೂಕವನ್ನು ಅನುಮಾನಿಸಿ. ಮೋಟಾರ್ ಜೋರು ಮಾಡಿದಾಗ ಮಾತ್ರ ವಾಲಿದರೆ ಅದು ಪ್ರೊಪೆಲ್ಲರ್ ತಿರುಗುವುದರ ಎದುರೇಟು.

ಮನೆಯಲ್ಲೇ ಸರಿಪಡಿಸುವುದು ಹೇಗೆ?

ಬ್ಯಾಟರಿ ಕೂರಿಸಿ (ಸ್ವಿಚ್ ಹಾಕಬೇಡಿ), ಇಂಧನದ ಟ್ಯಾಂಕ್ ಇದ್ದರೆ ಖಾಲಿ ಮಾಡಿ, ಮನೆಯ ಫ್ಯಾನ್ ಆರಿಸಿ. ಒಬ್ಬರು ಪ್ರೊಪೆಲ್ಲರಿನ ಶಾಫ್ಟನ್ನು, ಇನ್ನೊಬ್ಬರು ಬಾಲದ ತುದಿಯ ನಡುಭಾಗವನ್ನು ಬೆರಳ ಮೇಲೆ ಹಗುರವಾಗಿ ಹಿಡಿಯಿರಿ. ರೆಕ್ಕೆ ಮೇಲ್ಗಡೆ ಇರುವ ವಿಮಾನವಾದರೆ ಬೋರಲು ಹಾಕಿ ಹಿಡಿಯಿರಿ, ಇಲ್ಲವಾದರೆ ನೆಟ್ಟಗೆ ನಿಲ್ಲದೆ ಪಲ್ಟಿ ಹೊಡೆಯುತ್ತದೆ. ಐದಾರು ಸಲ ಮೆಲ್ಲಗೆ ಅಲುಗಿಸಿ ಬಿಡಿ. ಪ್ರತಿಸಲವೂ ಒಂದೇ ರೆಕ್ಕೆ ಇಳಿದರೆ ಅದೇ ಭಾರದ್ದು. ಒಮ್ಮೆ ಅದು, ಒಮ್ಮೆ ಇದು ಇಳಿದರೆ ಅಷ್ಟು ಸಾಕು, ಚಿನ್ನ ತೂಗಿದಂತೆ ತೂಗಬೇಕಿಲ್ಲ.

ತೂಕ ಸೇರಿಸುವ ಮೊದಲು ಇರುವುದನ್ನೇ ಸರಿಸಿ ನೋಡಿ. 200 ಗ್ರಾಂ ಬ್ಯಾಟರಿಯನ್ನು ಹಗುರ ಬದಿಗೆ 1 ಸೆಂ.ಮೀ. ಸರಿಸಿದರೆ 200 ಗ್ರಾಂ-ಸೆಂ.ಮೀ. ಸಿಕ್ಕಿತು, ಅಂದರೆ ನಮ್ಮ ಲೆಕ್ಕದ ಅರ್ಧ.

ಸಾಲದಿದ್ದರೆ ಹಗುರ ರೆಕ್ಕೆಯ ತುದಿಗೆ ತೂಕ ಹಾಕಿ. ಏತಪಾತದಲ್ಲಿ ಸಣ್ಣ ಮಗು ತುದಿಗೆ ಕೂತು ದೊಡ್ಡವರನ್ನು ಎತ್ತುವ ಹಾಗೆ, ನಡುವಿನಿಂದ 70 ಸೆಂ.ಮೀ. ದೂರದ ತುದಿಯಲ್ಲಿ 6 ಗ್ರಾಮಿಗಿಂತ ಕಡಿಮೆ ತೂಕ ಆ 400ನ್ನು ಸರಿದೂಗಿಸುತ್ತದೆ. ಹೆಚ್ಚುಕಡಿಮೆ ಎರಡು ಒಂದು ರೂಪಾಯಿ ನಾಣ್ಯಗಳ ಭಾರ. ಮೊದಲು ನಾಣ್ಯಗಳನ್ನೇ ತುದಿಗೆ ಟೇಪಿನಿಂದ ಅಂಟಿಸಿ ನೋಡಿ. ಸಮವಾದ ಮೇಲೆ ಅವನ್ನು ತೂಗಿ, ಅಷ್ಟೇ ತೂಕದ ಸೀಸವನ್ನು ರೆಕ್ಕೆಯೊಳಗೆ ಅಲುಗದಂತೆ ಅಂಟಿಸಿ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಬಳಸುವ 5 ಗ್ರಾಮಿನ ಅಂಟು ಬಿಲ್ಲೆಗಳೂ ಆಗುತ್ತವೆ. ಮೂತಿ-ಬಾಲದ ಸಮತೋಲ ನೋಡಲು ಬೆರಳಿಟ್ಟ ಗೆರೆಯ ನೇರದಲ್ಲೇ ಅಂಟಿಸಿದರೆ ಆ ಸಮತೋಲ ಕೆಡುವುದಿಲ್ಲ. ಕೊನೆಗೆ ಟ್ರಿಮ್ಮನ್ನು ಸೊನ್ನೆಗೆ ತಂದು ಹೊಸದಾಗಿ ಹಾರಿಸಿ.

ದೊಡ್ಡ ವಿಮಾನಗಳಿಗೂ ಇದೇ ಪಾಡು

1903ರಲ್ಲಿ ಹಾರಿದ ರೈಟ್ ಸಹೋದರರ ವಿಮಾನದಲ್ಲಿ ಎಂಜಿನ್ ನಡುವಿನ ಬಲಕ್ಕೆ, ಮಲಗಿದ ಚಾಲಕ ಎಡಕ್ಕೆ. ಎಂಜಿನ್ ಚಾಲಕನಿಗಿಂತ ಭಾರವಾಗಿದ್ದರಿಂದ ಬಲರೆಕ್ಕೆಯನ್ನು ಸುಮಾರು 10 ಸೆಂ.ಮೀ. ಉದ್ದ ಮಾಡಿದ್ದರು. ಪೈಪರ್ ಚೆರೋಕಿಯಂಥ ಸಣ್ಣ ವಿಮಾನಗಳಲ್ಲಿ ಒಂದು ಸಲಕ್ಕೆ ಒಂದೇ ರೆಕ್ಕೆಯ ಟ್ಯಾಂಕಿನಿಂದ ಇಂಧನ ಬರುತ್ತದೆ. ಒಂದು ಬದಿಯೇ ಹಗುರವಾಗದಿರಲಿ ಎಂದು ಪೈಲಟ್‌ಗಳು ಆಗಾಗ ಟ್ಯಾಂಕ್ ಬದಲಿಸುತ್ತಿರುತ್ತಾರೆ.

ಒಟ್ಟಿನಲ್ಲಿ

ಟ್ರಿಮ್ ಬೇಡವೆಂದಲ್ಲ. ಗಾಳಿಯಿಂದ ಬಂದ ವಾಲಿಕೆಗೆ ಅದು ಮದ್ದು, ತೂಕದಿಂದ ಬಂದ ವಾಲಿಕೆಗೆ ತೂಕವೇ ಮದ್ದು. ನಮ್ಮ ಗೆಳೆಯ ಹೊಸ ರೆಕ್ಕೆ ಕಟ್ಟಿದ್ದಾನೆ. ಈ ಸಲ ಮೈದಾನಕ್ಕೆ ಹೊರಡುವ ಮುನ್ನ ನಾವಿಬ್ಬರೂ ಮೂತಿ-ಬಾಲ ಹಿಡಿದು ನಿಂತೆವು. ಎಡರೆಕ್ಕೆ ತುಸು ಇಳಿಯಿತು. ಬಲತುದಿಗೆ ಒಂದು ನಾಣ್ಯ ಅಂಟಿಸಿದ್ದೇ ಸಮವಾಯಿತು.