ಎಣ್ಣೆಗಾಯಿಗೆ ಬೆಲ್ಲ ಬೇಕೆ?



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಕಬ್ಬಿನ ಸೀಮೆ. ಕ್ರಿಸ್‌ಮಸ್ ಬಂತೆಂದರೆ ಹೋಳಿಗೆಗೂ ಬೆಲ್ಲ, ಗೋಧಿ ಹುಗ್ಗಿಗೂ ಬೆಲ್ಲ; ಕೊನೆಗೆ ಬದನೆಕಾಯಿ ಎಣ್ಣೆಗಾಯಿಗೂ ಒಂದು ಚೂರು ಬೆಲ್ಲ. "ಸಕ್ಕರಿ ಬಿಟ್ಟೇನ್ರಿ ಫಾದರ್, ಬರೇ ಬೆಲ್ಲ ತಿಂತೀನಿ" ಎನ್ನುವ ಸಕ್ಕರೆ ಕಾಯಿಲೆಯ ಹಿರಿಯರು ಮನೆಮನೆಯಲ್ಲೂ ನಮಗೆ ಸಿಗುತ್ತಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ರಕ್ತದ ಸಕ್ಕರೆ ಏರಿಸುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ.

ಎಣ್ಣೆಗಾಯಿಗೆ ಬೆಲ್ಲ ಹಾಕುವುದು ಹುಣಸೆಯ ಹುಳಿ ಮುರಿಯಲು. ಹುಣಸೆಯನ್ನೇ ಅರ್ಧಕ್ಕೆ ಇಳಿಸಿದರೆ ಬೆಲ್ಲಕ್ಕೆ ಅಲ್ಲಿ ಕೆಲಸವಿಲ್ಲ. ಉಳ್ಳಾಗಡ್ಡಿಯನ್ನು ಕೆಂಪಗೆ ಹುರಿದು, ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿಯೊಡನೆ ಅರೆದರೆ ನಾಲಿಗೆಗೆ ಬೇಕಾದ ಸವಿ ಬರುತ್ತದೆ. ಎಳೆಯ ಕಾಯಿಗೆ ತುಂಬಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದರೆ ಎಣ್ಣೆಯೂ ಕಡಿಮೆ ಸಾಕು. (ಹೆಸರು ಎಣ್ಣೆಗಾಯಿ ಎಂದು ತೇಲಿಸಬೇಕಿಲ್ಲ!)

ಆದರೆ ಎಣ್ಣೆಗಾಯಿ ಸರಿಮಾಡಿ, ಜೊತೆಗೆ ನಾಲ್ಕು ರೊಟ್ಟಿ, ಮೇಲೆ ಅನ್ನ ಉಂಡರೆ ಏನು ಬಂತು? ಜೋಳವೂ ಸಕ್ಕರೆ ಏರಿಸುತ್ತದೆ. ರೊಟ್ಟಿ ಕಡಿಮೆ ಮಾಡಿ, ಆ ಜಾಗಕ್ಕೆ ಎಣ್ಣೆಗಾಯಿ, ಮಡಕಿಕಾಳು, ಹಸಿ ಸೌತೆ, ಮೂಲಂಗಿ ಬಡಿಸಿಕೊಳ್ಳಿ.

ಇನ್ನೊಂದು ಮಾತು. ಬೆಳಗಿನ ಮಾತ್ರೆ, ಇನ್ಸುಲಿನ್ ತೆಗೆದುಕೊಂಡು, ಬಲಿಪೂಜೆ ಮುಗಿಯಲೆಂದು ಹಸಿದು ಕೂರಬೇಡಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದ ವೃದ್ಧರಿಗೂ ರೋಗಿಗಳಿಗೂ 1983ರ ಧರ್ಮಸಭೆಯ ಕಾನೂನೇ ವಿನಾಯಿತಿ ಕೊಟ್ಟಿದೆ. ಮೈ ಬೆವರಿ ಕೈ ನಡುಗಿದರೆ, ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಪೂಜೆಯ ನಡುವೆ ಎದ್ದು ಹೋದರೆಂದು ನಾವು ಯಾರನ್ನೂ ಗದರಿಸುವುದಿಲ್ಲ.