ಅಕ್ಕಿ ಡಬ್ಬಿಗೆ ಹಾಕೋ ಮುಂಚೆ ಇದನ್ನ ಓದಿ

ಹೋದ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ನಮ್ಮ ರೂಮ್‌ಮೇಟ್ ಬಟ್ಟೆ ನೆನೆಸೋಕೆ ಬಗ್ಗಿದಾಗ, ಶರ್ಟ್ ಜೇಬಿನಲ್ಲಿದ್ದ ಫೋನ್ ಜಾರಿ ಸೋಪಿನ ನೀರಿನ ಬಕೆಟ್‌ಗೆ ಬಿತ್ತು. ತಕ್ಷಣ ತೆಗೆದ. ಆದರೆ ಆಮೇಲೆ ನಾವು ಮೂರು ಜನ ಸೇರಿ ಮಾಡಿದ್ದೆಲ್ಲಾ ತಪ್ಪೇ. ಒಬ್ಬ ಆನ್ ಆಗುತ್ತಾ ಅಂತ ಪವರ್ ಬಟನ್ ಒತ್ತಿದ. ಇನ್ನೊಬ್ಬ ಚಾರ್ಜರ್ ಚುಚ್ಚಿದ. ಕೊನೆಗೆ ಮೆಸ್‌ನಿಂದ ಅಕ್ಕಿ ತಂದು, ಅದರೊಳಗೆ ಫೋನ್ ಹೂತಿಟ್ಟು ಮಲಗಿದ್ವಿ. ಬೆಳಿಗ್ಗೆ ಫೋನ್ ಸತ್ತಿತ್ತು.

ಹಳೇ ಫೋನು, ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಅದರಲ್ಲಿ ಅವನ ಅಜ್ಜಿ ಹೇಳಿದ ಸೋಬಾನೆ ಪದಗಳಿದ್ದವು. ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ರೆಕಾರ್ಡ್ ಮಾಡಿದ್ದ. ಸಂಕ್ರಾಂತಿಗೆ ಮುಂಚೆ ಅಜ್ಜಿ ತೀರಿಕೊಂಡ್ರು. ಕ್ಲೌಡ್ ಸ್ಟೋರೇಜ್ ತುಂಬಿದೆ ಅಂತ ಮೆಸೇಜ್ ಬರ್ತಾನೇ ಇತ್ತು, ಇವನು ಒರೆಸಿ ಹಾಕ್ತಾನೇ ಇದ್ದ. ಬ್ಯಾಕಪ್ ಇರಲಿಲ್ಲ.

ಆ ಒಂದು ವಾರದಲ್ಲಿ ನಾವು ಕಲಿತಿದ್ದು ಇಲ್ಲಿದೆ.

ಫೋನ್ ಕೊಲ್ಲೋದು ಬರೀ ನೀರಲ್ಲ

ಶುದ್ಧ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯೋದೇ ಇಲ್ಲ. ಆದರೆ ನಲ್ಲಿ ನೀರು, ಬೋರ್‌ವೆಲ್ ನೀರು, ಸೋಪಿನ ನೀರು, ಕಾಫಿ, ಇವುಗಳಲ್ಲಿ ಉಪ್ಪಿನ ಅಂಶ, ಅಂದ್ರೆ ಅಯಾನುಗಳು ಇರ್ತವೆ. ಫೋನಿನ ಬ್ಯಾಟರಿ ಸುಮಾರು 3.8 ವೋಲ್ಟ್. ಫೋನ್ ಆಫ್ ಮಾಡಿದ್ರೂ ಬೋರ್ಡಿನ ಕೆಲವು ಲೈನ್‌ಗಳಲ್ಲಿ ಆ ವೋಲ್ಟೇಜ್ ಇದ್ದೇ ಇರುತ್ತೆ. ಒದ್ದೆ ಬೋರ್ಡ್ ಮೇಲೆ ಪಾಸಿಟಿವ್ ಕಡೆಯ ತಾಮ್ರ ಕರಗಿ ನೆಗೆಟಿವ್ ಕಡೆಗೆ ಸಾಗುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಮಾರ್ಕ್ಸ್‌ಗೋಸ್ಕರ ಉರು ಹೊಡೆದ ಎಲೆಕ್ಟ್ರೋಲಿಸಿಸ್ ಇದೇ. ಬೋರ್ಡ್ ಮೇಲೆ ಕಾಣೋ ಹಸಿರು, ಬಿಳಿ ಪುಡಿ ಅದರ ಗುರುತು. ಚಾರ್ಜರ್ ಚುಚ್ಚಿದ್ರೆ ಈ ಕೆಲಸಕ್ಕೆ ಇನ್ನಷ್ಟು ಕರೆಂಟ್ ಕೊಟ್ಟ ಹಾಗೆ.

ಅಕ್ಕಿ ಯಾಕೆ ಕೆಲಸ ಮಾಡಲ್ಲ ಅಂತ ಈಗ ಗೊತ್ತಾಗುತ್ತೆ. ಲೋಹದ ಶೀಲ್ಡ್‌ಗಳ ಕೆಳಗೆ, ಚಿಪ್‌ಗಳ ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನ ಹೊರಗಿರೋ ಅಕ್ಕಿ ಎಳೆದುಕೊಳ್ಳಲ್ಲ. ನೀರು ಒಣಗಿದ್ರೂ ಉಪ್ಪು, ಸೋಪು ಒಳಗೇ ಉಳೀತವೆ. ಐಫೋನ್ ಒದ್ದೆಯಾದ್ರೆ ಅಕ್ಕಿ ಚೀಲಕ್ಕೆ ಹಾಕಬೇಡಿ, ಅಕ್ಕಿಯ ಸಣ್ಣ ಕಣಗಳು ಒಳಗೆ ಹೋಗಿ ಹಾಳು ಮಾಡಬಹುದು ಅಂತ ಆಪಲ್ ಕಂಪನಿಯೇ ಹೇಳಿದೆ.

ಮೊದಲ ಐದು ನಿಮಿಷ

ಫೋನ್ ಆನ್ ಇದ್ರೆ ಆಫ್ ಮಾಡಿ. ಆಫ್ ಇದ್ರೆ ಮತ್ತೆ ಆನ್ ಮಾಡಬೇಡಿ. ಚಾರ್ಜರ್ ಮುಟ್ಟಲೇಬೇಡಿ. ಸಿಮ್ ಟ್ರೇ ತೆಗೆದು, ಪೋರ್ಟ್ ಕೆಳಗೆ ಬರೋ ಹಾಗೆ ಹಿಡಿದು ನೀರು ಇಳಿಸಿ. ಜೋರಾಗಿ ಅಲ್ಲಾಡಿಸಿದ್ರೆ ನೀರು ಇನ್ನೂ ಒಳಗೆ ಹೋಗುತ್ತೆ. ಎಷ್ಟೋ ಫೋನುಗಳಲ್ಲಿ ಸಿಮ್ ಟ್ರೇ ಜಾಗದಲ್ಲಿ ಒಂದು ಬಿಳಿ ಸ್ಟಿಕ್ಕರ್ ಇರುತ್ತೆ. ನೀರು ತಾಗಿದ್ರೆ ಅದು ಕೆಂಪಾಗುತ್ತೆ. ಸರ್ವಿಸ್ ಸೆಂಟರ್‌ನಲ್ಲಿ ಮೊದಲು ನೋಡೋದೇ ಅದನ್ನ.

ಬಿಚ್ಚೋದು, ತೊಳೆಯೋದು

ನಮ್ಮ ಅದೃಷ್ಟಕ್ಕೆ ಆ ಫೋನಿನ ಹಿಂದಿನ ಕವರ್ ಪ್ಲಾಸ್ಟಿಕ್, ಕ್ಲಿಪ್ ಮೇಲೆ ಕೂತಿತ್ತು. ಹಳೇ ಎಟಿಎಂ ಕಾರ್ಡ್ ತುರುಕಿ ಬಿಚ್ಚಿದ್ವಿ. ಸ್ಕ್ರೂಗಳನ್ನ ಎಲ್ಲಿಂದ ತೆಗೆದ್ವೋ ಅದೇ ಜೋಡಣೆಯಲ್ಲಿ ಪೇಪರ್ ಮೇಲೆ ಅಂಟಿಸಿ, ಪ್ರತಿ ಹಂತಕ್ಕೂ ಫೋಟೋ ತೆಗೆದ್ವಿ. ಬಿಚ್ಚಿದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚೋದು. ಅದಕ್ಕೆ ಪ್ಲಾಸ್ಟಿಕ್ ಸಾಮಾನೇ ಬೇಕು, ಸ್ಕ್ರೂಡ್ರೈವರ್ ಬೇಡ.

ಬೋರ್ಡನ್ನ ಹೊರಗೆ ತೆಗೆದಾಗ ಚಾರ್ಜಿಂಗ್ ಭಾಗದ ಹತ್ತಿರ ಹಸಿರು ಕಟ್ಟಿತ್ತು. ಸೋಪು ಹೋಗಲಿ ಅಂತ ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆದ್ವಿ. ಆಮೇಲೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಟೂತ್‌ಬ್ರಷ್‌ನಿಂದ ನಿಧಾನಕ್ಕೆ ಉಜ್ಜಿದ್ವಿ. ಇದು ನೀರಿನ ಜೊತೆ ಬೆರೆತು ಅದನ್ನ ಹೊರಗೆ ತಳ್ಳುತ್ತೆ, ಬೇಗ ಆವಿಯಾಗುತ್ತೆ, ಹಿಂದೆ ಏನೂ ಉಳಿಸಲ್ಲ. 70% ಬಾಟಲಿ ಬೇಡ, ಉಳಿದ 30% ಬಹುಪಾಲು ನೀರೇ. ಬೋರ್ಡ್ ಮಾತ್ರ ತೊಳೆಯಿರಿ. ಸ್ಕ್ರೀನ್, ಕ್ಯಾಮೆರಾ, ಬ್ಯಾಟರಿ ಅದ್ದಬೇಡಿ. ಆಲ್ಕೋಹಾಲ್‌ಗೆ ಬೇಗ ಬೆಂಕಿ ಹತ್ತುತ್ತೆ, ಕಿಟಕಿ ತೆಗೆದಿಡಿ.

ಒಂದು ದಿನ ಫ್ಯಾನ್ ಕೆಳಗೆ ಒಣಗಿಸಿ, ಸೀನಿಯರ್ ಒಬ್ಬರ ಮಲ್ಟಿಮೀಟರ್ ತಂದ್ವಿ. ಬೋರ್ಡ್ ಕಡೆಯ ಬ್ಯಾಟರಿ ಕನೆಕ್ಟರ್‌ನಲ್ಲಿ ಪಾಸಿಟಿವ್ ಮತ್ತು ಗ್ರೌಂಡ್ ಮಧ್ಯೆ ಕಂಟಿನ್ಯೂಟಿ ನೋಡಬೇಕು. ಬೀಪ್ ಅಂತ ಕೂಗ್ತಾನೇ ಇದ್ರೆ ಶಾರ್ಟ್ ಆಗಿದೆ, ಬ್ಯಾಟರಿ ಹಾಕಬೇಡಿ. ನಮ್ಮದು ಕೂಗಲಿಲ್ಲ.

ಎಲ್ಲಿ ನಿಲ್ಲಿಸಬೇಕು

ಬ್ಯಾಟರಿ ಊದಿದ್ರೆ, ಬಿಸಿಯಾಗಿದ್ರೆ, ಮಡಚಿಕೊಂಡಿದ್ರೆ ಅಲ್ಲೇ ನಿಲ್ಲಿಸಿ. ಲಿಥಿಯಂ ಬ್ಯಾಟರಿಗೆ ತೂತಾದ್ರೆ ಬೆಂಕಿ ಬರಬಹುದು. ಗಾಜಿನ ಹಿಂಬದಿ ಅಂಟಿಸಿರೋ ಹೊಸ ಫೋನ್ ಬಿಚ್ಚೋಕೆ ಬಿಸಿ ಮಾಡಬೇಕು. ಅಭ್ಯಾಸ ಇಲ್ಲದವರು ಸ್ಕ್ರೀನನ್ನೋ ಬ್ಯಾಟರಿಯನ್ನೋ ಕೆಡಿಸಿಕೊಳ್ತಾರೆ. ಐಪಿ68 ಅಂತ ಬರೆದಿದೆ ಅಂತ ಧೈರ್ಯವೂ ಬೇಡ. ಆ ಪರೀಕ್ಷೆ ಮಾಡೋದು ಹೊಸ ಫೋನ್ ಮೇಲೆ, ಸಿಹಿ ನೀರಿನಲ್ಲಿ. ಸೋಪಿನ ನೀರು, ಬಿದ್ದು ಬಿರುಕು ಬಿಟ್ಟ ಫೋನು ಅದರ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಮುಖ್ಯ ವಿಷಯ. ಮೆಮೊರಿ ಚಿಪ್ ಕಿತ್ತು ಬೇರೆ ಕಡೆ ಹಾಕಿ ಫೋಟೋ ತೆಗೀಬಹುದು ಅಂತ ನಾವೂ ಅಂದುಕೊಂಡಿದ್ವಿ. ಆಗಲ್ಲ. ಈಗಿನ ಫೋನುಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತೆ, ಅದರ ಕೀ ಅದೇ ಫೋನಿನ ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತೆ. ಅದೇ ಬೋರ್ಡ್ ಮತ್ತೆ ಆನ್ ಆಗಲೇಬೇಕು. ಹಾಗಾಗಿ ಒಳಗಿರೋದು ಫೋನಿಗಿಂತ ದೊಡ್ಡದಾದ್ರೆ ನಮ್ಮ ಹಾಗೆ ಪ್ರಯೋಗ ಮಾಡಬೇಡಿ. ಬೋರ್ಡ್ ಲೆವೆಲ್ ರಿಪೇರಿ ಮಾಡೋರ ಹತ್ತಿರ ಅವತ್ತೇ ಹೋಗಿ. ಅವರ ಹತ್ತಿರ ಅಲ್ಟ್ರಾಸಾನಿಕ್ ಕ್ಲೀನರ್, ಮೈಕ್ರೋಸ್ಕೋಪ್ ಇರ್ತವೆ. ನಾವು ಹೋಗಬೇಕಿತ್ತು. ದುಡ್ಡಿನ ಯೋಚನೆ, ಜೊತೆಗೆ ಎಂಜಿನಿಯರಿಂಗ್ ಓದ್ತಿದೀವಿ ಅನ್ನೋ ಜಂಬ ಬಿಡಲಿಲ್ಲ.

ಕೊನೆಗೆ ಏನಾಯ್ತು

ಬ್ಯಾಟರಿ ಜೋಡಿಸಿ ಬಟನ್ ಒತ್ತಿದಾಗ ಮೂವರೂ ಉಸಿರು ಹಿಡಿದಿದ್ವಿ. ಲೋಗೋ ಬಂತು. ಸ್ಕ್ರೀನ್ ಮೂಲೆಯಲ್ಲಿ ಕಲೆ, ಸ್ಪೀಕರ್ ಗೊರಗೊರ. ಯಾರೂ ಕುಣಿಯಲಿಲ್ಲ, ಮೊದಲು ಕೇಬಲ್ ಹಾಕಿ ಎಲ್ಲಾ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದ್ವಿ. ಆಮೇಲೆ ಒಂದು ಪದ ಹಾಕಿದ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತೆ, ಅಜ್ಜಿ ನಡುವೆ ನಿಲ್ಲಿಸಿ "ಆಫ್ ಮಾಡೋ, ಮರೆತೋಯ್ತು" ಅಂತಾರೆ.

ಎರಡು ವಾರಕ್ಕೆ ಚಾರ್ಜಿಂಗ್ ನಿಂತೋಯ್ತು. ಒಳಗೆ ಉಳಿದ ತುಕ್ಕು ತನ್ನ ಕೆಲಸ ಮುಂದುವರಿಸಿತ್ತು. ನೀರಿಗೆ ಬಿದ್ದ ಫೋನನ್ನ ಮನೆಯಲ್ಲಿ ರಿಪೇರಿ ಮಾಡೋದು ಅಂದ್ರೆ ಇಷ್ಟೇ: ಫೋನ್ ಉಳಿಯುತ್ತೆ ಅಂತಲ್ಲ, ಒಳಗಿರೋದನ್ನ ಹೊರಗೆ ತರೋಕೆ ಸ್ವಲ್ಪ ಟೈಮ್ ಸಿಗುತ್ತೆ.

ಆ ಟೈಮ್ ನಿಮಗೆ ಈಗ ಪುಕ್ಕಟೆ ಇದೆ. ಇದನ್ನ ಓದ್ತಿರೋ ಫೋನ್ ಒಣಗಿದೆ ತಾನೇ? ಇವತ್ತೇ ಬ್ಯಾಕಪ್ ತಗೊಳ್ಳಿ.